ಸಾಲ ತೀರಿಸೋಕೆ ಮತ್ತೆ ಸಾಲ: ಮೀಟರ್ ಬಡ್ಡಿ, ಆ್ಯಪ್ ಲೋನ್, ಸಂಘದ ಕಂತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೊಂದು ಕಂತು, ತಿಂಗಳಿಗೊಂದು ಬಡ್ಡಿ, ಅದನ್ನು ಕಟ್ಟೋಕೆ ಮೊಬೈಲ್‌ನಲ್ಲಿ ಇನ್ನೊಂದು ಸಾಲ. ಈ ಸುತ್ತಿನಲ್ಲಿ ಸಿಕ್ಕಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೇನೆ. ದುಂದುವೆಚ್ಚ ಬಿಡಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ ಅನ್ನೋ ಉಪದೇಶ ಇಲ್ಲಿಲ್ಲ, ಅದನ್ನು ಹೇಳೋಕೆ ಸಾಲ ಕೊಡದ ನೆಂಟರು ಸಾಕಷ್ಟು ಜನ ಇದ್ದಾರೆ. ಇಲ್ಲಿರೋದು ಲೆಕ್ಕ, ಒಂದಿಷ್ಟು ಕಾನೂನು, ಮತ್ತೆ ಯಾರಿಗೆ ಫೋನ್ ಮಾಡಬೇಕು ಅನ್ನೋದು.

ನನ್ನದು ದೊಡ್ಡ ಸಾಲವೇನಲ್ಲ. ಐದಾರು ಸಾವಿರದ ವಿಷಯ. ಇದಕ್ಕೂ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ಬಡವರ ಕೈ ಖಾಲಿ ಮಾಡೋದು ಹೆಚ್ಚಾಗಿ ಇಂಥ ಸಣ್ಣ ಸಾಲಗಳೇ. ಬೆಂಗಳೂರಿನ ಮಾರ್ಕೆಟ್‌ಗಳಲ್ಲಿ ಸೊಪ್ಪು, ಹೂವು, ತರಕಾರಿ ಮಾರುವವರು ಬೆಳಗಿನ ಜಾವ 900 ರೂಪಾಯಿ ಈಸಿಕೊಂಡು ಸಂಜೆ 1,000 ವಾಪಸ್ ಕೊಡುವ ಪದ್ಧತಿ ಹಳೆಯದು. ನೂರು ರೂಪಾಯಿ ತಾನೆ, ವ್ಯಾಪಾರ ಆಗುತ್ತಲ್ಲ ಅನಿಸುತ್ತೆ. ತಿಂಗಳಲ್ಲಿ 25 ದಿನ ಹೀಗೆ ಮಾಡಿದರೆ 2,500 ರೂಪಾಯಿ ಬಡ್ಡಿ ಆಯಿತು. ಅದೂ ಬರೀ 900 ರೂಪಾಯಿಗೆ! ಮಾರನೇ ದಿನ ಬೆಳಿಗ್ಗೆ ಆ 900 ಕೂಡ ಅವರ ಕೈಯಲ್ಲಿ ಇರೋದಿಲ್ಲ.

ದಿನಕ್ಕೆ 50 ರೂಪಾಯಿಯಂತೆ 18 ದಿನ ಎತ್ತಿಟ್ಟರೆ ಆ 900 ಸ್ವಂತದ್ದೇ ಆಗುತ್ತೆ. ಹೇಳೋದು ಸುಲಭ, ಗೊತ್ತು. ಆ 18 ದಿನದಲ್ಲಿ ಮಗುವಿಗೆ ಜ್ವರ ಬಂದರೆ ಎಲ್ಲಾ ಮುಗೀತು. ಅದಕ್ಕೇ 2018ರಲ್ಲಿ ರಾಜ್ಯ ಸರ್ಕಾರ ಸಹಕಾರಿ ಬ್ಯಾಂಕ್‌ಗಳ ಮೂಲಕ ಬೀದಿ ವ್ಯಾಪಾರಿಗಳಿಗೆ ಬಡ್ಡಿ ಇಲ್ಲದೆ 10,000 ರೂಪಾಯಿವರೆಗೆ ಕೊಡುವ ಬಡವರ ಬಂಧು ಯೋಜನೆ ತಂದಿತ್ತು. 2020ರಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂತು. ಸ್ವನಿಧಿಯಲ್ಲಿ ಈಗ ಮೊದಲ ಸಲ 15,000, ಅದು ತೀರಿದ ಮೇಲೆ 25,000, ಆಮೇಲೆ 50,000 ಸಿಗುತ್ತೆ. ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ. 7 ಸಹಾಯಧನ. ಗಾಡಿ ಇಟ್ಟುಕೊಂಡು ವ್ಯಾಪಾರ ಮಾಡುವವರಾಗಿದ್ದರೆ ಪಾಲಿಕೆ ಅಥವಾ ಪುರಸಭೆಯಲ್ಲಿ ಮೊದಲು ಇದನ್ನೇ ಕೇಳಿ.

ಫೈನಾನ್ಸ್‌ನವರು "ಬರೀ ಮೂರು ರೂಪಾಯಿ ಬಡ್ಡಿ" ಅಂದರು. ಬ್ಯಾಂಕ್‌ನಲ್ಲಿ 12 ಅಂತಾರೆ. ಮೂರು ಕಡಿಮೆ ಅಲ್ವಾ?

ಅಲ್ಲ. ಬ್ಯಾಂಕ್‌ನವರು ಹೇಳೋದು ವರ್ಷದ ಲೆಕ್ಕ. ಕೈಸಾಲ ಕೊಡುವವರು ಹೇಳೋದು ತಿಂಗಳದ್ದು. ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36. ನೂರಕ್ಕೆ ಐದು ಅಂದರೆ 60. ಮೀಟರ್ ಬಡ್ಡಿಯವರ ಹತ್ತು ಅಂದರೆ 120. ಅಂದರೆ ಹತ್ತೇ ತಿಂಗಳಲ್ಲಿ ಅಸಲಿನಷ್ಟು ಬಡ್ಡಿಯನ್ನೇ ಕಟ್ಟಿರುತ್ತೀರಿ, ಅಸಲು ಮಾತ್ರ ಹಾಗೇ ಕೂತಿರುತ್ತೆ.

ಇದಕ್ಕಿಂತ ಕಣ್ಣಿಗೆ ಕಾಣದ್ದು ಬಡ್ಡಿ ಮುರಿದುಕೊಂಡು ಕೊಡೋದು. 10,000 ಸಾಲ ಅಂತ ಬರೆದುಕೊಂಡು ಕೈಗೆ 8,500 ಕೊಡುತ್ತಾರೆ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. 1,500 ತಾನೆ, ಶೇಕಡಾ 15 ಆಯಿತು ಅಂತ ನೀವು ಅಂದುಕೊಳ್ಳುತ್ತೀರಿ. ಆದರೆ ಮಾರನೇ ದಿನದಿಂದಲೇ ವಾಪಸ್ ಕಟ್ಟುತ್ತಾ ಹೋಗುತ್ತೀರಲ್ಲ, ಹಾಗಾಗಿ ಆ ನೂರು ದಿನದಲ್ಲಿ ನಿಮ್ಮ ಹತ್ತಿರ ಸರಾಸರಿ ಇದ್ದದ್ದು ಸುಮಾರು ನಾಲ್ಕೂವರೆ ಸಾವಿರ. ನಾಲ್ಕೂವರೆ ಸಾವಿರಕ್ಕೆ ನೂರು ದಿನಕ್ಕೆ ಒಂದೂವರೆ ಸಾವಿರ ಬಡ್ಡಿ. ವರ್ಷದ ಲೆಕ್ಕಕ್ಕೆ ತಂದರೆ ಮತ್ತೆ ಅದೇ 120ರ ಆಸುಪಾಸು.

ಲೈಸೆನ್ಸ್ ಇರುವವರೂ ಒಂದು ಆಟ ಆಡುತ್ತಾರೆ, ಅದರ ಹೆಸರು ಫ್ಲಾಟ್ ರೇಟ್. 50,000ಕ್ಕೆ ಎರಡು ವರ್ಷ, ಶೇ. 12 ಫ್ಲಾಟ್ ಅಂದರೆ ಬಡ್ಡಿ 12,000, ತಿಂಗಳ ಕಂತು 2,583. ಅಸಲು ಕಡಿಮೆ ಆಗುತ್ತಾ ಹೋದರೂ ಬಡ್ಡಿ ಪೂರ್ತಿ 50,000ಕ್ಕೇ ಹಾಕುತ್ತಾರೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕ್ ಲೆಕ್ಕದಲ್ಲಿ ಇದು ಶೇ. 21ಕ್ಕೂ ಜಾಸ್ತಿ. ಅದಕ್ಕೇ ಬಾಯಿಮಾತಿನ ಬಡ್ಡಿ ನಂಬಬೇಡಿ. 2024ರ ಅಕ್ಟೋಬರ್‌ನಿಂದ ಬ್ಯಾಂಕ್ ಆಗಲಿ, ರಿಸರ್ವ್ ಬ್ಯಾಂಕ್‌ನಲ್ಲಿ ನೋಂದಾಯಿಸಿದ ಫೈನಾನ್ಸ್ ಕಂಪನಿ ಆಗಲಿ, ಇಂಥ ಸಾಲಕ್ಕೆ ಸಹಿ ಹಾಕಿಸಿಕೊಳ್ಳೋ ಮೊದಲು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನೋ ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತೆ. ಬಡ್ಡಿ, ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲಾ ಸೇರಿಸಿದ ವರ್ಷದ ದರ ಅದು. ಬೇರೇನೂ ಓದದಿದ್ದರೂ ಅದೊಂದನ್ನು ಓದಿ.

ಆರೇಳು ಕಡೆ ಸಾಲ ಇದೆ. ಎಲ್ಲಿಂದ ಶುರು ಮಾಡಬೇಕು ಅಂತಾನೇ ಗೊತ್ತಾಗ್ತಿಲ್ಲ.

ಒಂದು ನೋಟ್‌ಬುಕ್ ತೆಗೆದುಕೊಂಡು ಎಲ್ಲಾ ಸಾಲ ಬರೆಯಿರಿ. ಎಷ್ಟು ಸಾಲ ಇದೆ ಅನ್ನೋದರ ಪಕ್ಕದಲ್ಲೇ ಪ್ರತಿ ಸಾಲ ತಿಂಗಳಿಗೆ ಎಷ್ಟು ಹಣ ಎಳೆಯುತ್ತೆ, ಅದರಲ್ಲಿ ಅಸಲಿಗೆ ಎಷ್ಟು ಹೋಗುತ್ತೆ ಅನ್ನೋದನ್ನೂ ಬರೆಯಿರಿ. ಈ ಎರಡನೇ ಲೆಕ್ಕವನ್ನು ಯಾರೂ ಮಾಡಿರೋದಿಲ್ಲ.

ಒಂದು ಮನೆಯ ಉದಾಹರಣೆ ಹಾಕೋಣ. ಗಂಡ ಟೈಲರ್, ಹೆಂಡತಿ ಗಾರ್ಮೆಂಟ್ಸ್ ಕೆಲಸ, ಇಬ್ಬರದೂ ಸೇರಿ ತಿಂಗಳಿಗೆ 24,000. ಮೀಟರ್ ಬಡ್ಡಿಗೆ ತಂದದ್ದು 20,000, ತಿಂಗಳಿಗೆ 2,000 ಬಡ್ಡಿ. ಮೂರು ಸಂಘದ ಸಾಲ (ಮೈಕ್ರೋಫೈನಾನ್ಸ್ ಕಂಪನಿಗಳು ಹೆಂಗಸರ ಗುಂಪು ಕಟ್ಟಿ ಕೊಡೋದು), ವಾರಕ್ಕೆ 650, 600, 550. ಎಲ್ಲಾ ಸೇರಿ ವಾರಕ್ಕೆ 1,800, ತಿಂಗಳಿಗೆ 7,800. ಆಮೇಲೆ ಮೊಬೈಲ್ ಆ್ಯಪ್‌ನಲ್ಲಿ 6,000. ಅದನ್ನು ಪೂರ್ತಿ ಕಟ್ಟೋಕೆ ಆಗದೆ ಪ್ರತಿ ವಾರ 1,200 "ಎಕ್ಸ್‌ಟೆನ್ಷನ್" ಕಟ್ಟಿ ಮುಂದೆ ಹಾಕುತ್ತಿದ್ದಾರೆ. ಅಂದರೆ ತಿಂಗಳಿಗೆ 5,200. ಒಟ್ಟು 15,000 ಹೋಯಿತು. ಬಾಡಿಗೆ, ರೇಷನ್, ಸ್ಕೂಲ್ ಫೀಸ್ ಎಲ್ಲದಕ್ಕೂ ಉಳಿದದ್ದು 9,000.

ಈ ಮನೆಯವರನ್ನು ನಿಮಗೆ ಯಾವ ಸಾಲದ್ದು ಚಿಂತೆ ಅಂತ ಕೇಳಿದರೆ ಸಂಘದ್ದು ಅಂತಾರೆ. ಮೊತ್ತ ದೊಡ್ಡದು, ವಾರವಾರ ಮನೆ ಮುಂದೆ ಬರುತ್ತಾರೆ, ಅಕ್ಕಪಕ್ಕದವರಿಗೆ ಗೊತ್ತಾಗುತ್ತೆ. ಆದರೆ ನೋಟ್‌ಬುಕ್ ನೋಡಿ. ಸಂಘದ ಕಂತಿನಲ್ಲಿ ಪ್ರತಿ ವಾರ ಅಸಲು ಇಳಿಯುತ್ತಿದೆ, ಒಂದು ದಿನ ಅದು ಮುಗಿಯುತ್ತೆ. ಆ್ಯಪ್‌ನ 6,000 ಮಾತ್ರ ತಿಂಗಳಿಗೆ 5,200 ತಿಂದು ಅಷ್ಟೇ ಉಳಿದಿದೆ. ಮೊದಲು ಹೋಗಬೇಕಾದದ್ದು ಅದು. ಎರಡನೆಯದು ಮೀಟರ್ ಬಡ್ಡಿ. ಸಂಘದ ಸಾಲ ಅದರ ಪಾಡಿಗೆ ಅದು ನಡೆಯಲಿ.

ಅಂದ ಹಾಗೆ, ಮೂರನೇ ಸಂಘದವರು ಈ ಮನೆಗೆ ಸಾಲ ಹೇಗೆ ಕೊಟ್ಟರು? ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಕೊಡುವ ಮೈಕ್ರೋಫೈನಾನ್ಸ್ ಸಾಲದಲ್ಲಿ, ಎಲ್ಲಾ ಸಾಲದ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಈ ಮನೆಗೆ ಅದು 12,000. ಕಾಗದದ ಮೇಲೆ ಕಂತು 7,800 ಮಾತ್ರ ಕಂಡಿತು. ಮೀಟರ್ ಬಡ್ಡಿಯಾಗಲಿ, ಕಳ್ಳ ಆ್ಯಪ್ ಆಗಲಿ, ಯಾರಿಗೆ ಎಷ್ಟು ಸಾಲ ಇದೆ ಅಂತ ದಾಖಲೆ ಇಡುವ ಯಾವ ಕ್ರೆಡಿಟ್ ಬ್ಯೂರೋದಲ್ಲೂ ಕಾಣಲ್ಲ. ಅದನ್ನು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಸರಿ, ಆ್ಯಪ್ ಮತ್ತೆ ಮೀಟರ್ ಬಡ್ಡಿ ತೀರಿಸೋಕೆ 26,000 ಬೇಕು. ಅದಕ್ಕೂ ಸಾಲವೇ ಮಾಡಬೇಕಲ್ಲ?

ಮಾಡಬೇಕಾಗಬಹುದು. ಸಾಲ ತೀರಿಸೋಕೆ ಸಾಲ ಮಾಡಲೇಬಾರದು ಅನ್ನೋ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಹೊಸ ಸಾಲದ ಬಡ್ಡಿ ಹಳೆಯದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು, ಹಣ ಕೈಗೆ ಬಂದ ದಿನವೇ ಹಳೇ ಸಾಲ ಪೂರ್ತಿ ಮುಗಿಯಬೇಕು. ಎರಡೂ ಆಗುತ್ತೆ ಅಂದರೆ ಮಾಡಿ. ಅರ್ಧ ತೀರಿಸಿ ಉಳಿದದ್ದು ಮನೆ ಖರ್ಚಿಗೆ ಅಂತ ಇಟ್ಟುಕೊಂಡರೆ ಎರಡು ಸಾಲ ಇದ್ದದ್ದು ಮೂರಾಗುತ್ತೆ.

ಆ ಮನೆಯಲ್ಲಿ ಒಂದು ಜೊತೆ ಬಳೆ ಇದೆ ಅಂತಿಟ್ಟುಕೊಳ್ಳಿ. ಬ್ಯಾಂಕ್‌ನಲ್ಲಿ ಅಡ ಇಟ್ಟು 26,000 ತಂದರೆ ವರ್ಷಕ್ಕೆ ಶೇ. 10 ಅಂದರೂ ತಿಂಗಳಿಗೆ ಬಡ್ಡಿ ಸುಮಾರು 217 ರೂಪಾಯಿ. 7,200 ಹೋಗುತ್ತಿದ್ದ ಕಡೆ 217. ಉಳಿದ ಏಳು ಸಾವಿರದಲ್ಲಿ ತಿಂಗಳಿಗೆ 5,000 ಒಡವೆ ಸಾಲಕ್ಕೆ ಕಟ್ಟಿದರೆ ಆರನೇ ತಿಂಗಳಲ್ಲಿ ಬಳೆ ಮನೆಗೆ ಬರುತ್ತೆ. ಮಿಕ್ಕ 2,000 ಏನು ಮಾಡೋದು ಅಂತ ಮುಂದೆ ಹೇಳುತ್ತೇನೆ, ಅದೇ ಮುಖ್ಯ. ಆ ಆರು ತಿಂಗಳು ಮನೆ ಖರ್ಚು ಈಗಿನಷ್ಟೇ ಬಿಗಿ ಇರುತ್ತೆ, ಅದರಲ್ಲಿ ಸುಳ್ಳು ಹೇಳಲ್ಲ.

ಅಡ ಇಡುವಾಗ ಬ್ಯಾಂಕ್, ಸಹಕಾರಿ ಸೊಸೈಟಿ, ಗೋಲ್ಡ್ ಲೋನ್ ಕಂಪನಿ, ಗಿರವಿ ಅಂಗಡಿ, ಈ ಕ್ರಮದಲ್ಲೇ ವಿಚಾರಿಸಿ. ಕಂಪನಿಗಳಲ್ಲಿ ಅರ್ಧ ಗಂಟೆಯಲ್ಲಿ ಹಣ ಸಿಗುತ್ತೆ ನಿಜ. ಆದರೆ ಕೆಲವು ಸ್ಕೀಮ್‌ಗಳಲ್ಲಿ ಬಡ್ಡಿ ಕಟ್ಟೋದು ತಡವಾದರೆ ದರವೇ ಮೇಲೇರುತ್ತೆ. ಅದನ್ನು ಕೇಳಿಕೊಂಡೇ ಸಹಿ ಹಾಕಿ.

ಒಡವೆ ಎಲ್ಲಾ ಆಗಲೇ ಅಡ ಹೋಗಿದೆ. ಈಗ?

ಪಿಎಫ್ ಕಟ್ ಆಗುತ್ತಿದ್ದರೆ ಕಾಯಿಲೆಯಂಥ ಕಾರಣಕ್ಕೆ ನಿಮ್ಮದೇ ಹಣದಲ್ಲಿ ಒಂದು ಭಾಗ ತೆಗೆಯಬಹುದು, ಅದಕ್ಕೆ ಬಡ್ಡಿ ಕಟ್ಟಬೇಕಾಗಿಲ್ಲ. ಗಾರ್ಮೆಂಟ್ಸ್‌ನವರಿಗೆ ಇದು ಚೆನ್ನಾಗಿ ಗೊತ್ತು. ಮುಪ್ಪಿನ ಕಾಲದ ಹಣ ಅನ್ನೋದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಕೆಲಸ ಕೊಟ್ಟವರ ಹತ್ತಿರ ಅಡ್ವಾನ್ಸ್ ಕೇಳಿ ಸಂಬಳದಲ್ಲಿ ಮುರಿಸೋದು ಇನ್ನೊಂದು ದಾರಿ. ಓಡಿಸದ ಎರಡನೇ ಗಾಡಿ ಇದ್ದರೆ ಮಾರಿ.

ಸ್ತ್ರೀಶಕ್ತಿ ಅಥವಾ ಸಂಜೀವಿನಿ ಗುಂಪಿನಲ್ಲಿದ್ದರೆ ಗುಂಪಿನ ಒಳಸಾಲ ಕೇಳಿ. ಗ್ರಾಮೀಣ ಜೀವನೋಪಾಯ ಅಭಿಯಾನದ ಮಹಿಳಾ ಗುಂಪುಗಳಿಗೆ ಬ್ಯಾಂಕ್ 3 ಲಕ್ಷದವರೆಗೆ ಶೇ. 7ರ ಬಡ್ಡಿಗೆ ಕೊಡುತ್ತೆ. ನಾವು "ಸಂಘ" ಅಂತ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯೋದರಿಂದ ಸ್ವಸಹಾಯ ಸಂಘ ಯಾವುದು, ಮೈಕ್ರೋಫೈನಾನ್ಸ್ ಕಂಪನಿ ಕಟ್ಟಿದ ಗುಂಪು ಯಾವುದು ಅಂತ ಎಷ್ಟೋ ಜನರಿಗೆ ಗೊತ್ತೇ ಇರಲ್ಲ. ಉಳಿತಾಯ ನಿಮ್ಮದೇ ಆಗಿದ್ದು, ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ ಇದ್ದರೆ ಅದು ಸ್ವಸಹಾಯ ಸಂಘ. ರೈತರಾದರೆ ಸೊಸೈಟಿಯ ಬೆಳೆಸಾಲ ಶೂನ್ಯ ಬಡ್ಡಿಗೇ ಸಿಗುತ್ತೆ. 2023ರಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಸೊಸೈಟಿಯಲ್ಲಿ ಎಲ್ಲರಿಗೂ ಅಷ್ಟು ಸಿಗಲ್ಲ, ಅದು ಬೇರೆ ಮಾತು.

ಏನೂ ಇಲ್ಲ ಅಂದರೆ ಸಾಲ ಕೊಟ್ಟವರ ಹತ್ತಿರವೇ ಮಾತಾಡಿ. ಮೀಟರ್ ಬಡ್ಡಿಯವರಿಗೆ "ಇನ್ನು ಬಡ್ಡಿ ಕೊಡಲ್ಲ, ತಿಂಗಳಿಗೆ 2,000 ಅಸಲಿಗೆ ಹಾಕಿಕೊಳ್ಳಿ, ಹತ್ತು ತಿಂಗಳಲ್ಲಿ ಮುಗಿಸುತ್ತೇನೆ" ಅಂತ ಹೇಳಿ. ಒಬ್ಬರೇ ಹೋಗಬೇಡಿ, ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ. ಈಗಾಗಲೇ ಅಸಲಿಗಿಂತ ಜಾಸ್ತಿ ಬಡ್ಡಿ ಕಟ್ಟಿದ್ದರೆ ಆ ಲೆಕ್ಕ ಬರೆದುಕೊಂಡು ಹೋಗಿ. ಅವರು ಕಾನೂನಿಗೆ ಹೆದರುತ್ತಾರೆ, ಯಾಕೆ ಅಂತ ಕೆಳಗೆ ಹೇಳಿದ್ದೇನೆ. ಒಪ್ಪಿದರೆ ಮುಂದಿನ ಹಣವನ್ನೆಲ್ಲಾ ಯುಪಿಐನಲ್ಲೇ ಕಳಿಸಿ.

ಹೋದ ವರ್ಷ ಎಲ್ಲಾ ತೀರಿಸಿದ್ದೆ. ಈಗ ಮತ್ತೆ ಅಲ್ಲೇ ಬಂದು ನಿಂತಿದ್ದೀನಿ. ನನ್ನ ಬುದ್ಧಿಯೇ ಸರಿ ಇಲ್ವಾ?

ನಿಮ್ಮ ಬುದ್ಧಿಗೂ ಇದಕ್ಕೂ ಸಂಬಂಧ ಕಡಿಮೆ. ಭಾರತದ ಮತ್ತು ಫಿಲಿಪ್ಪೀನ್ಸ್‌ನ ಮಾರುಕಟ್ಟೆ ವ್ಯಾಪಾರಿಗಳ ಮೇಲೆ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು. 2019ರಲ್ಲಿ ಅದು ಪ್ರಕಟವಾಯಿತು. ಆ ವ್ಯಾಪಾರಿಗಳ ಬಡ್ಡಿ ಸಾಲವನ್ನೆಲ್ಲಾ ಅರ್ಥಶಾಸ್ತ್ರಜ್ಞರೇ ತೀರಿಸಿಬಿಟ್ಟರು. ಆರು ವಾರದೊಳಗೆ ಹೆಚ್ಚಿನವರು ಮತ್ತೆ ಸಾಲಕ್ಕೆ ವಾಪಸ್. ಒಂದೆರಡು ವರ್ಷ ಕಳೆದ ಮೇಲೆ ನೋಡಿದರೆ, ಸಾಲ ತೀರಿಸಿಕೊಂಡವರಿಗೂ ತೀರಿಸಿಕೊಳ್ಳದವರಿಗೂ ವ್ಯತ್ಯಾಸವೇ ಇರಲಿಲ್ಲ.

ಇದರಿಂದ ನಾನು ತಿಳಿದುಕೊಂಡಿದ್ದು ಇಷ್ಟು. ಸಾಲ ಸೊನ್ನೆ ಆದ ದಿನ ಕೈಯಲ್ಲಿರುವ ಹಣವೂ ಸೊನ್ನೆಯೇ ಆಗಿದ್ದರೆ, ಮುಂದಿನ ಆಸ್ಪತ್ರೆ ಚೀಟಿಗೆ, ಮುಂದಿನ ಗಾಡಿ ರಿಪೇರಿಗೆ ಮತ್ತೆ ಅದೇ ಬಾಗಿಲು ತಟ್ಟಬೇಕಾಗುತ್ತೆ. ಹಾಗಾಗಿ ಸಾಲ ಪೂರ್ತಿ ತೀರಲಿ, ಆಮೇಲೆ ಉಳಿತಾಯ ಅನ್ನೋ ಕ್ರಮ ತಪ್ಪು. ಎರಡೂ ಒಟ್ಟಿಗೆ ನಡೆಯಬೇಕು. ಮೇಲೆ ಹೇಳಿದ 2,000 ಅದಕ್ಕೇ. ಅದನ್ನೂ ಸಾಲಕ್ಕೇ ಕಟ್ಟಿದರೆ ಬಳೆ ಒಂದೆರಡು ತಿಂಗಳು ಮೊದಲೇ ಬರಬಹುದು. ಬೇಡ. ಆರು ತಿಂಗಳಲ್ಲಿ 12,000 ಸೇರುತ್ತೆ, ಇಂಥ ಮನೆಯ ಸಣ್ಣಪುಟ್ಟ ತುರ್ತು ಎಷ್ಟೋ ಅದರಲ್ಲಿ ಮುಗಿಯುತ್ತೆ.

ಎಲ್ಲಿ ಇಡೋದು? ಯುಪಿಐ ಇರುವ ಖಾತೆಯಲ್ಲಂತೂ ಬೇಡ. ಪೋಸ್ಟ್ ಆಫೀಸ್ ಉಳಿತಾಯ ಖಾತೆ ಸಾಕು, ಅದಕ್ಕೆ ಎಟಿಎಂ ಕಾರ್ಡ್ ತೆಗೆದುಕೊಳ್ಳಬೇಡಿ. ನಡೆದುಕೊಂಡು ಹೋಗಿ, ಸ್ಲಿಪ್ ಬರೆದು, ಸರದಿಯಲ್ಲಿ ನಿಂತು ತೆಗೆಯಬೇಕು ಅನ್ನೋ ಆ ರಗಳೆಯೇ ಹಣವನ್ನು ಉಳಿಸುತ್ತೆ.

ಸಂಘದ ಕಂತು ಈ ವಾರ ಕಟ್ಟೋಕೆ ಆಗಲ್ಲ. ಏನು ಮಾಡ್ತಾರೆ?

ಜೈಲಿಗೆ ಹಾಕಲ್ಲ. ಕಂತು ತಪ್ಪಿದ್ದು ಕ್ರಿಮಿನಲ್ ಅಪರಾಧ ಅಲ್ಲ. ನಿಮ್ಮ ಹತ್ತಿರ ಇರುವ ಲೋನ್ ಕಾರ್ಡ್ ತೆಗೆದು ನೋಡಿ. ಬಡ್ಡಿ ಎಷ್ಟು, ಕಂತು ಎಷ್ಟು, ದೂರಿಗೆ ಯಾವ ನಂಬರ್ ಅನ್ನೋದು ನಿಮಗೆ ಗೊತ್ತಾಗುವ ಭಾಷೆಯಲ್ಲಿ ಅದರಲ್ಲಿ ಇರಲೇಬೇಕು. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ದಂಡ ಹಾಕಿದರೂ ತಪ್ಪಿದ ಕಂತಿನ ಮೊತ್ತಕ್ಕೆ ಮಾತ್ರ ಹಾಕಬೇಕು, ಇಡೀ ಸಾಲಕ್ಕಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡ ಕೇಳುವಂತಿಲ್ಲ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ಬೈಯೋದು, ನೆಂಟರಿಗೆ ಫೋನ್ ಮಾಡೋದು, ಬೆದರಿಸೋದು ಯಾವುದೂ ನಡೆಯಲ್ಲ. ಬೇರೆ ಬ್ಯಾಂಕ್ ಸಾಲಗಳಿಗೆ ಈ ಸಮಯ 8ರಿಂದ 7.

ಕಂತು ವಸೂಲಿಗೆ ಬರುವ ಹುಡುಗನ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ. ಅವನ ಟಾರ್ಗೆಟ್ ತುಂಬದಿದ್ದರೆ ಅವನ ಸಂಬಳಕ್ಕೇ ಕುತ್ತು. ಬ್ರಾಂಚ್‌ಗೆ ಹೋಗಿ "ಆದಾಯ ಕಡಿಮೆಯಾಗಿದೆ, ಕಂತು ಇಳಿಸಿ ಅವಧಿ ಹೆಚ್ಚಿಸಿಕೊಡಿ" ಅಂತ ಒಂದು ಅರ್ಜಿ ಬರೆದುಕೊಡಿ. ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬನ್ನಿ. ಒಪ್ಪಲೇಬೇಕು ಅಂತೇನಿಲ್ಲ. ಆದರೆ ಮುಂದೆ ದೂರು ಕೊಡಬೇಕಾಗಿ ಬಂದರೆ ಆ ಸೀಲ್ ಬಿದ್ದ ಹಾಳೆಯೇ ನಿಮ್ಮ ಆಧಾರ.

ದೂರು ಮೊದಲು ಆ ಕಂಪನಿಗೇ ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಕೊಡಿ, ಅದಕ್ಕೆ ಶುಲ್ಕ ಇಲ್ಲ. ಹೇಗೆ ಅಂತ ಕೇಳೋಕೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕಂಪನಿಯವರು ಸುಮ್ನಿದ್ದಾರೆ. ಗುಂಪಿನ ಹೆಂಗಸರೇ ಮನೆ ಮುಂದೆ ಬಂದು ಕೂರ್ತಾರೆ. ಅದಕ್ಕೇನು ಮಾಡೋದು?

ಇದು ಎಲ್ಲಕ್ಕಿಂತ ಕಷ್ಟದ್ದು. ಒಬ್ಬರು ಕಟ್ಟದಿದ್ದರೆ ಉಳಿದವರು ಸೇರಿ ಹಾಕಬೇಕು ಅನ್ನೋ ಮೇಲೆಯೇ ಈ ಸಾಲ ನಿಂತಿದೆ. ನಿಮ್ಮ ಕಂತಿನ 650ನ್ನು ಪಕ್ಕದ ಮನೆ ಅಕ್ಕ ತನ್ನ ಗಂಡನಿಗೆ ಹೇಳದೆ ಕಟ್ಟಿರುತ್ತಾರೆ. ಅವರ ಸಿಟ್ಟಿನಲ್ಲಿ ನ್ಯಾಯ ಇದೆ. ಹಾಗಾಗಿ ಕಂತಿನ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂರಬೇಡಿ. ಹಿಂದಿನ ದಿನವೇ ಅವರಿಗೆ ಹೇಳಿ, ಕೈಯಲ್ಲಿ 200 ಇದ್ದರೆ 200 ಕೊಟ್ಟು ಕಾರ್ಡ್‌ನಲ್ಲಿ ಬರೆಸಿ. ಬ್ರಾಂಚ್‌ಗೆ ಹೋಗುವಾಗ ಅವರಲ್ಲಿ ಇಬ್ಬರನ್ನು ಕರೆದುಕೊಂಡೇ ಹೋಗಿ. ಅವರಿಗೂ ಈ ಹೊರೆ ಸಾಕಾಗಿರುತ್ತೆ. ನಿಮ್ಮ ಹೆಸರಲ್ಲಿ ಸಾಲ ಎತ್ತಿ ಬೇರೆಯವರಿಗೆ ಕೊಟ್ಟಿದ್ದರೆ ಅದನ್ನೂ ಅಲ್ಲೇ ಬಾಯಿಬಿಟ್ಟು ಹೇಳಿ, ಮುಚ್ಚಿಟ್ಟಷ್ಟೂ ನಿಮ್ಮ ತಲೆಗೇ ಬರುತ್ತೆ.

2025ರಲ್ಲಿ ಸರ್ಕಾರ ಕಾನೂನು ತಂತಲ್ಲ. ಹಾಗಾದರೆ ನಮ್ಮ ಸಾಲ ಮನ್ನಾನಾ?

ಎಲ್ಲರದ್ದೂ ಅಲ್ಲ. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ, ರಾಮನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯಾಯಿತು. ಅದರ ಪ್ರಕಾರ ಸಾಲ ಕೊಡುವವರು ಜಿಲ್ಲಾ ಮಟ್ಟದಲ್ಲಿ ನೋಂದಣಿ ಮಾಡಿಸಬೇಕು. ಬಲವಂತದ ವಸೂಲಿಗೆ ಆರು ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. ಲೈಸೆನ್ಸ್, ನೋಂದಣಿ ಎರಡೂ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆಯೇ ಲೆಕ್ಕ.

ಮನ್ನಾ ಅಂತ ಎಲ್ಲರೂ ಹೇಳೋದು ಈ ಕೊನೆಯ ಮಾತನ್ನು. ರಿಸರ್ವ್ ಬ್ಯಾಂಕ್‌ನಲ್ಲಿ ನೋಂದಾಯಿಸಿದ ಕಂಪನಿಯ ಸಾಲಕ್ಕೆ ಅದು ಅನ್ವಯ ಆಗಲ್ಲ. ನಿಮ್ಮ ಸಂಘದ ಸಾಲ ಹೆಚ್ಚಾಗಿ ಅಂಥದ್ದೇ. ನೋಂದಣಿ ಇದೆಯಾ ಅಂತ ರಿಸರ್ವ್ ಬ್ಯಾಂಕ್‌ನ ಸಚೇತ್ ಪೋರ್ಟಲ್‌ನಲ್ಲಿ ನೋಡಿ. ಯಾರೋ ಸಭೆಯಲ್ಲಿ ಹೇಳಿದರು ಅಂತ ಕಂತು ನಿಲ್ಲಿಸಿ, ಆಮೇಲೆ ಬಡ್ಡಿ ಬೆಳೆಸಿಕೊಂಡು ಕೂರಬೇಡಿ.

ಮೀಟರ್ ಬಡ್ಡಿಯವರ ವಿಷಯ ಬೇರೆ. ಲೇವಾದೇವಿ ಮಾಡೋಕೆ ಸಹಕಾರ ಇಲಾಖೆಯ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದರೂ ಅಡ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ. 14, ಅಡ ಇಲ್ಲದ ಸಾಲಕ್ಕೆ ಶೇ. 16 ದಾಟುವಂತಿಲ್ಲ. ವರ್ಷಕ್ಕೆ 16 ಅಂದರೆ ನೂರಕ್ಕೆ ತಿಂಗಳಿಗೆ ಒಂದೂ ಕಾಲು ರೂಪಾಯಿ ಚಿಲ್ಲರೆ. ಅವರು ಕೇಳುತ್ತಿರೋದು ಹತ್ತು! ವಿಪರೀತ ಬಡ್ಡಿ ನಿಷೇಧಕ್ಕೆ 2004ರ ಕಾಯ್ದೆಯೇ ಇದೆ.

ಖಾಲಿ ಚೆಕ್‌ಗೆ ಸಹಿ ಮಾಡಿ ಕೊಟ್ಟಿದ್ದೀನಿ. ಕೇಸ್ ಹಾಕ್ತೀನಿ ಅಂತ ಹೆದರಿಸ್ತಿದ್ದಾರೆ.

ಹಾಕಬಹುದು. ಚೆಕ್ ಬೌನ್ಸ್ ಆದರೆ 30 ದಿನದೊಳಗೆ ಅವರು ನಿಮಗೆ ನೋಟಿಸ್ ಕಳಿಸಬೇಕು, ಅದು ಬಂದ ಮೇಲೆ ನಿಮಗೆ 15 ದಿನ ಸಮಯ. ಜನ ಎಡವೋದು ಇಲ್ಲೇ. ನೋಟಿಸ್ ಅಂಚೆಯಲ್ಲಿ ಬಂದರೆ ಹೆದರಿ ತೆಗೆದುಕೊಳ್ಳದೆ ವಾಪಸ್ ಕಳಿಸುತ್ತಾರೆ. ತೆಗೆದುಕೊಳ್ಳಿ. ನಿಜವಾಗಿ ತಂದದ್ದು ಎಷ್ಟು, ಯಾವಾಗ ಎಷ್ಟು ಕಟ್ಟಿದ್ದೀರಿ, ಚೆಕ್ ಖಾಲಿ ಕೊಟ್ಟದ್ದು ಯಾಕೆ ಅಂತ ವಕೀಲರ ಮೂಲಕ 15 ದಿನದೊಳಗೆ ಉತ್ತರ ಕೊಡಿ. ವಕೀಲರಿಗೆ ಹಣ ಇಲ್ಲದಿದ್ದರೆ ತಾಲ್ಲೂಕು ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ, ಸಹಾಯವಾಣಿ 15100. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ.

ಆ್ಯಪ್‌ನವರು ನನ್ನ ಫೋಟೊ ಕೆಟ್ಟದಾಗಿ ಎಡಿಟ್ ಮಾಡಿ ಎಲ್ಲರಿಗೂ ಕಳಿಸ್ತೀವಿ ಅಂತಿದ್ದಾರೆ.

ಹಣ ಕಳಿಸಬೇಡಿ. ಒಂದು ಸಲ ಕಳಿಸಿದರೆ ಈ ನಂಬರ್‌ನಿಂದ ಹಣ ಬರುತ್ತೆ ಅಂತ ಅವರಿಗೆ ಗೊತ್ತಾಗುತ್ತೆ, ಮತ್ತೆ ಕೇಳುತ್ತಾರೆ. ಮೊದಲು ಮೆಸೇಜ್, ನಂಬರ್, ಹಣ ಬಂದ ಹೋದ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ. ಆಮೇಲೆ ಕಾಂಟ್ಯಾಕ್ಟ್, ಗ್ಯಾಲರಿ ಪರ್ಮಿಷನ್ ತೆಗೆದು ಆ್ಯಪ್ ಡಿಲೀಟ್ ಮಾಡಿ. ಮನೆಯವರಿಗೆ, ಆಫೀಸಿನವರಿಗೆ ನೀವೇ ಮೊದಲು ಒಂದು ಮೆಸೇಜ್ ಹಾಕಿ: "ನನ್ನ ಹೆಸರಲ್ಲಿ ಸುಳ್ಳು ಫೋಟೊ ಬರಬಹುದು, ಪೊಲೀಸ್ ದೂರು ಕೊಟ್ಟಿದ್ದೇನೆ, ನೋಡಿದರೆ ಬ್ಲಾಕ್ ಮಾಡಿ." ಇಷ್ಟು ಹಾಕಿದರೆ ಅವರ ಕೈಯಲ್ಲಿದ್ದ ಅಸ್ತ್ರ ಅರ್ಧ ಮೊಂಡಾಗುತ್ತೆ.

ಮುಂದಕ್ಕೆ ಗೊತ್ತಿರಲಿ: ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್, ಫೋಟೊ ಮುಟ್ಟುವಂತಿಲ್ಲ. ಅದನ್ನು ಕೇಳಿತು ಅಂದರೆ ಅಲ್ಲಿಗೇ ನಿಲ್ಲಿಸಿ. 2025ರ ಜುಲೈನಿಂದ ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳ ಸಾಲದ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲೇ ಇದೆ.

ನಾನು ಐಟಿಯಲ್ಲಿದ್ದೀನಿ, ಮೀಟರ್ ಬಡ್ಡಿ ಎಲ್ಲಾ ನಮಗಲ್ಲ. ಕ್ರೆಡಿಟ್ ಕಾರ್ಡ್ ಮಿನಿಮಮ್ ಕಟ್ಟುತ್ತಾ ಬಂದಿದ್ದೀನಿ, ತೊಂದರೆ ಇಲ್ವಲ್ಲ?

ಇದೆ. 50,000 ಬಾಕಿ, ತಿಂಗಳಿಗೆ ಶೇ. 3.5 ಬಡ್ಡಿ ಅಂತಿಟ್ಟುಕೊಳ್ಳಿ. ಬಡ್ಡಿ 1,750, ಅದರ ಮೇಲೆ ಶೇ. 18 ಜಿಎಸ್‌ಟಿ 315. ಒಟ್ಟು 2,065. ಮಿನಿಮಮ್ ಶೇ. 5 ಅಂದರೆ ನೀವು ಕಟ್ಟೋದು 2,500. ಅಸಲಿಗೆ ಹೋದದ್ದು 435 ರೂಪಾಯಿ. ಬಾಕಿ ಇರುವವರೆಗೂ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳೂ ಸಿಗಲ್ಲ, ಇವತ್ತು ತಂದ ಸಾಮಾನಿಗೆ ಇವತ್ತಿಂದಲೇ ಬಡ್ಡಿ. ಕಾರ್ಡ್ ಬಳಸೋದು ನಿಲ್ಲಿಸಿ, ಬಾಕಿಯನ್ನು ಪರ್ಸನಲ್ ಲೋನ್‌ಗೆ ಬದಲಾಯಿಸಿಕೊಳ್ಳಿ.

ಚೀಟಿ ಎತ್ತಿ ಸಾಲ ತೀರಿಸಬಹುದಾ?

ಕೊನೆಕೊನೆಗೆ ಬರುವ ಚೀಟಿಯಾದರೆ ಸರಿ. ಮೊದಲ ತಿಂಗಳಲ್ಲೇ ಜಾಸ್ತಿ ಕೂಗಿ ಎತ್ತಿದರೆ ಅದೂ ಬಡ್ಡಿ ಸಾಲವೇ, ಬಿಟ್ಟುಕೊಟ್ಟ ಹಣವೇ ಬಡ್ಡಿ. ನೋಂದಣಿ ಇಲ್ಲದ ಚೀಟಿಯ ಬಗ್ಗೆ ಹೇಳೋದೇ ಬೇಡ.

"ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ" ಅಂತಾರೆ. ಒಪ್ಪಿಕೊಳ್ಳಲಾ?

ಬೇರೆ ದಾರಿ ಇಲ್ಲದಿದ್ದರೆ ಒಪ್ಪಿಕೊಳ್ಳಿ. ಆದರೆ ಸಿಬಿಲ್ ಅನ್ನೋ ಕ್ರೆಡಿಟ್ ಬ್ಯೂರೋದ ರಿಪೋರ್ಟ್‌ನಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಅಂತ ಬರುತ್ತೆ, ವರ್ಷಗಟ್ಟಲೆ ಬ್ಯಾಂಕ್ ಸಾಲ ಕಷ್ಟ. ಕಂಪನಿ ಲೆಟರ್‌ಹೆಡ್‌ನಲ್ಲಿ ಮೊತ್ತ ಬರೆದ ಪತ್ರ ಕೈಗೆ ಬರುವ ಮೊದಲು ಒಂದು ರೂಪಾಯಿಯನ್ನೂ ಕಟ್ಟಬೇಡಿ. ಏಜೆಂಟ್‌ನ ಸ್ವಂತ ಫೋನ್‌ಪೇಗಂತೂ ಬೇಡವೇ ಬೇಡ.

ಗಂಡನಿಗೆ ಗೊತ್ತಿಲ್ಲ. ಗೊತ್ತಾದರೆ ಏನು ಗತಿ? ಒಂದೊಂದು ಸಲ ಬದುಕೋದೇ ಬೇಡ ಅನ್ಸುತ್ತೆ.

ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಈಗಲೇ ತಡೆಯೋಕೆ ಆಗ್ತಿಲ್ಲ ಅನ್ನಿಸಿದರೆ ಪಕ್ಕದ ಮನೆಯವರನ್ನಾದರೂ ಕರೆದು ಜೊತೆಗೆ ಕೂರಿಸಿಕೊಳ್ಳಿ, ಒಬ್ಬರೇ ಇರಬೇಡಿ. 112 ಕೂಡ ಇದೆ. ಮನೆಯಲ್ಲಿ ಹೊಡೆತ ಬಡಿತದ ಭಯ ಇದ್ದರೆ 181.

ಮನೆಯಲ್ಲಿ ಹೇಳೋದು ಹೇಗೆ ಅನ್ನೋದಾದರೆ, ಬರೀ ಬಾಯಲ್ಲಿ ಹೇಳೋಕೆ ಹೋದರೆ ಅಳು ಬರುತ್ತೆ, ಜಗಳ ಆಗುತ್ತೆ. ಮೇಲೆ ಹೇಳಿದ ನೋಟ್‌ಬುಕ್ ಬರೆದು ಮುಂದಿಡಿ. ನೀವು ನಂಬುವ ಅಣ್ಣನೋ ಅತ್ತಿಗೆಯೋ ಜೊತೆಗಿರಲಿ. ಸಾಲ ಕೊಟ್ಟವರ ಬಾಯಿಂದ ಗೊತ್ತಾಗೋದಕ್ಕಿಂತ ನಿಮ್ಮ ಬಾಯಿಂದ ಗೊತ್ತಾಗೋದು ಮೇಲು.

ಸಾಲ ತೆಗೆದುಕೊಂಡವರು ತೀರಿಹೋದರೆ ಕಂತು ಯಾರು ಕಟ್ಟಬೇಕು?

ಮೈಕ್ರೋಫೈನಾನ್ಸ್ ಸಾಲ ಕೊಡುವಾಗಲೇ ಹೆಚ್ಚಿನ ಕಡೆ ಇನ್ಶೂರೆನ್ಸ್ ಹಣ ಮುರಿದಿರುತ್ತಾರೆ, ಕೆಲವು ಕಡೆ ಗಂಡನದ್ದೂ ಸೇರಿರುತ್ತೆ. ಲೋನ್ ಕಾರ್ಡ್ ನೋಡಿ, ಮರಣ ಪ್ರಮಾಣಪತ್ರ ಕೊಟ್ಟು ಕ್ಲೇಮ್ ಮಾಡಿ. ಇದನ್ನು ಕೇಳದೆ ಮಕ್ಕಳು ಸುಮ್ನೆ ಕಂತು ಕಟ್ಟುತ್ತಾ ಹೋಗುತ್ತಾರೆ.

ಕೊನೆಯ ಕಂತು ಈ ವಾರ. ಅವತ್ತು ಏನೇನು ವಾಪಸ್ ಕೇಳಬೇಕು?

ಸಾಲ ತೀರಿದೆ ಅಂತ ಪತ್ರ, ಕೊಟ್ಟಿದ್ದ ಚೆಕ್‌ಗಳು, ಪ್ರೋನೋಟ್, ಸಹಿ ಹಾಕಿದ ಬಾಂಡ್ ಪೇಪರ್, ಗಾಡಿಯ ಆರ್‌ಸಿ ಇಟ್ಟುಕೊಂಡಿದ್ದರೆ ಅದು. ಬ್ಯಾಂಕ್ ಖಾತೆಯಿಂದ ಆಟೋ ಡೆಬಿಟ್ ಇದ್ದರೆ ಅದನ್ನು ನಿಲ್ಲಿಸಿ. ಮೀಟರ್ ಬಡ್ಡಿಯವರಾದರೆ ಚೆಕ್ ಸಿಗಲಿಲ್ಲ, ಕಳೆದುಹೋಗಿದೆ ಅನ್ನುತ್ತಾರೆ. ಹಾಗಂದರೆ ಅವತ್ತೇ ಬ್ಯಾಂಕ್‌ಗೆ ಹೋಗಿ ಆ ಚೆಕ್ ನಂಬರ್‌ಗೆ ಸ್ಟಾಪ್ ಪೇಮೆಂಟ್ ಬರೆದುಕೊಡಿ, ಸಾಲ ತೀರಿದೆ ಅಂತ ಅವರಿಗೊಂದು ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ಅದರ ಪ್ರತಿ ಇಟ್ಟುಕೊಳ್ಳಿ. ಎರಡು ತಿಂಗಳು ಬಿಟ್ಟು ಸಿಬಿಲ್ ರಿಪೋರ್ಟ್ ತೆಗೆದು ನೋಡಿ, ವರ್ಷಕ್ಕೊಂದು ಉಚಿತವಾಗಿ ಸಿಗುತ್ತೆ. ಅದರಲ್ಲಿ ಇನ್ನೂ ಬಾಕಿ ತೋರಿಸುತ್ತಿದ್ದರೆ ತೀರುವಳಿ ಪತ್ರ ಹಾಕಿ ಸರಿಪಡಿಸಲು ಕೇಳಿ.

ಆಮೇಲೆ ಫೋನ್ ಬರುತ್ತೆ. "ಮೇಡಂ, ನೀವು ಒಂದು ಕಂತೂ ತಪ್ಪಿಸಿಲ್ಲ, ನಿಮಗೆ 80,000 ಸ್ಯಾಂಕ್ಷನ್ ಆಗಿದೆ, ನಾಳೆ ಸೆಂಟರ್‌ಗೆ ಬನ್ನಿ." ಬೇಡ ಅನ್ನಿ. ಯಾಕೆ ಅಂತ ಕೇಳಿದರೂ ಕಾರಣ ಹೇಳೋಕೆ ಹೋಗಬೇಡಿ, ಒಂದು ಕಾರಣ ಹೇಳಿದರೆ ಅವರ ಹತ್ತಿರ ಅದಕ್ಕೆ ನಾಲ್ಕು ಉತ್ತರ ರೆಡಿ ಇರುತ್ತೆ.